ಮಕ್ಕಳ ತುರ್ತು ಚಿಕಿತ್ಸೆ: ಒಂದು ಇತಿಹಾಸಾವಲೋಕನ

ರೋಗಿಯ ಶುಶ್ರೂಷೆ ಪುಣ್ಯಕಾರ್ಯವೆಂಬುದನ್ನು ಎಲ್ಲ ನಾಡುಗಳೂ ಒಪ್ಪಿವೆ. ಆದರೆ ಆಸ್ಪತ್ರೆಯ ಬಾಗಿಲಿಗೆ ಏಕಕಾಲದಲ್ಲಿ ನೂರು ಮಂದಿ ಬಂದು ನಿಂತಾಗ ಮೊದಲು ಯಾರನ್ನು ನೋಡಬೇಕು ಎಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಕಂಡುಕೊಳ್ಳಲು ಮನುಕುಲಕ್ಕೆ ಬಹುಕಾಲ ಹಿಡಿಯಿತು. ತನ್ನ ನೋವನ್ನು ತಾನೇ ಹೇಳಲಾರದ ಶಿಶುವಿನ ವಿಷಯದಲ್ಲಂತೂ ಈ ಉತ್ತರ ದೊರೆತದ್ದು ತೀರ ಈಚೆಗೆ. ದಾಸೋಹದ ಪಂಕ್ತಿಯಲ್ಲಿ ಕುಳಿತು ಬೆಳೆದ ನಮಗೆ ಸಾಲು ಎಂಬುದು ಸಮಾನತೆಯ ಗುರುತು. ಮೊದಲು ಬಂದವರಿಗೆ ಮೊದಲು ಎಂಬುದು ಸಹಜ ನ್ಯಾಯವಾಗಿ ತೋರುತ್ತದೆ. ಆದರೆ ಇದೇ ನ್ಯಾಯವು ಆಸ್ಪತ್ರೆಯ ಹೊರಜಗಲಿಯಲ್ಲಿ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು. ಈ ತಿಳಿವು ಹೇಗೆ ಮೂಡಿತು, ಯಾರ ಪರಿಶ್ರಮದಿಂದ ಬೆಳೆಯಿತು ಎಂಬುದನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಗತ್ಯವನ್ನು ಅರಿತು ಸರದಿಯನ್ನು ನಿರ್ಣಯಿಸುವ ಪದ್ಧತಿ ಹುಟ್ಟಿದ್ದು ಯುದ್ಧಭೂಮಿಯಲ್ಲಿ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ ಎಂಬಾತನು ಗಾಯಾಳುವಿನ ಪದವಿಯನ್ನು ಲೆಕ್ಕಿಸದೆ ಗಾಯದ ತೀವ್ರತೆಯನ್ನೇ ನೋಡಿ ಚಿಕಿತ್ಸೆ ನೀಡಬೇಕೆಂಬ ನಿಯಮವನ್ನು ಆಚರಣೆಗೆ ತಂದನು. ಇಂದು ವೈದ್ಯರು ಬಳಸುವ ‘ಟ್ರಯಾಜ್’ ಎಂಬ ಮಾತು ಕೂಡ ‘ವಿಂಗಡಿಸು’ ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದುದು. ಆದರೆ ಸಿಪಾಯಿಗೆ ದೊರೆತ ಈ ನ್ಯಾಯ ಮಗುವಿಗೆ ದೊರೆಯಲಿಲ್ಲ. ಪ್ಯಾರಿಸ್ ನಗರದಲ್ಲಿ 1802ರಲ್ಲಿಯೇ ಮಕ್ಕಳ ಆಸ್ಪತ್ರೆ ಸ್ಥಾಪಿತವಾಗಿದ್ದರೂ, ಲಂಡನ್ನಿನಲ್ಲಿ ಡಾ. ಚಾರ್ಲ್ಸ್ ವೆಸ್ಟ್ ಅವರ ಪ್ರಯತ್ನದಿಂದ ಗ್ರೇಟ್ ಆರ್ಮಂಡ್ ಬೀದಿಯ ಆಸ್ಪತ್ರೆ ತೆರೆದದ್ದು 1852ರಲ್ಲಿ, ಅದೂ ಕೇವಲ 10 ಹಾಸಿಗೆಗಳೊಡನೆ. ಹಣದ ಕೊರತೆಯಿಂದ ಬಳಲುತ್ತಿದ್ದ ಆ ಸಂಸ್ಥೆಗಾಗಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1858ರಲ್ಲಿ ಸಾರ್ವಜನಿಕ ವಾಚನ ಮಾಡಿ ನಿಧಿ ಕೂಡಿಸಿದರು. ಹೀಗೆ ಮಕ್ಕಳಿಗೆ ಹಾಸಿಗೆಯೇನೋ ದೊರೆಯಿತು. ಸಾವಿನ ಅಂಚಿನಲ್ಲಿರುವ ಮಗುವನ್ನು ಹಿಂದಕ್ಕೆ ಕರೆತರುವ ವಿದ್ಯೆಗೆ ಇನ್ನೂ ನೂರು ವರ್ಷ ಕಾಯಬೇಕಾಯಿತು.

ಆ ವಿದ್ಯೆಯ ಮೊದಲ ಮಹತ್ತರ ಪರೀಕ್ಷೆ ನಡೆದದ್ದು 1952ರಲ್ಲಿ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ. ಪೋಲಿಯೋ ಮಾರಿಯು ಊರಿನ ಮಕ್ಕಳನ್ನು ಬಡಿದು ಕೆಡವಿತ್ತು. ಉಸಿರಾಟದ ಸ್ನಾಯುಗಳೇ ನಿಶ್ಚೇಷ್ಟಿತವಾದ ಮಕ್ಕಳು ಬ್ಲೆಗ್ಡಾಮ್ ಆಸ್ಪತ್ರೆಗೆ ದಿನವೂ ಬರುತ್ತಿದ್ದರು. ಅಲ್ಲಿದ್ದುದಾದರೋ ದೊಡ್ಡ ಉಸಿರಾಟದ ಯಂತ್ರ ಒಂದು, ಎದೆಗೆ ಕಟ್ಟುವ ಸಣ್ಣ ಯಂತ್ರಗಳು ಆರು. ಯಂತ್ರದ ನೆರವು ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞರಾದ ಡಾ. ಬ್ಯೋರ್ನ್ ಇಬ್ಸೆನ್ ಅವರು ಹೊಸ ಉಪಾಯವೊಂದನ್ನು ಸೂಚಿಸಿದರು. ಆಗಸ್ಟ್ 27ರಂದು ಉಸಿರುಗಟ್ಟಿ ಸಾಯುತ್ತಿದ್ದ ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಶ್ವಾಸನಾಳದಲ್ಲಿ ರಂಧ್ರ ಮಾಡಿಸಿ, ಕೊಳವೆಯಿಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತುಂಬಿದರು. ಬಾಲಿಕೆ ಬದುಕಿದಳು.

ಒಂದು ಮಗುವಿಗೆ ಹೀಗೆ ಗಾಳಿಯೂಡಬಹುದು. ಏಕಕಾಲದಲ್ಲಿ ಹಲವು ಹತ್ತು ಮಂದಿಗೆ ಯಾರು ಊಡುವರು? ಸುಮಾರು 1,500 ವೈದ್ಯವಿದ್ಯಾರ್ಥಿಗಳು ಈ ಸೇವೆಗೆ ಮುಂದೆ ಬಂದರು. ಪಾಳಿಯ ಮೇಲೆ, ಹಗಲಿರುಳೆನ್ನದೆ, ವಾರಗಟ್ಟಲೆ ಹಾಸಿಗೆಗಳ ಪಕ್ಕದಲ್ಲಿ ಕುಳಿತು ಚೀಲವನ್ನೊತ್ತಿದರು. ಸಾವಿನ ಪ್ರಮಾಣ ನೂರಕ್ಕೆ 87ರಿಂದ 40ರ ಆಸುಪಾಸಿಗೆ, ಮುಂದೆ ಅದಕ್ಕೂ ಕೆಳಗೆ ಇಳಿಯಿತು. ಜಗತ್ತಿನ ತೀವ್ರನಿಗಾ ಘಟಕಗಳೆಲ್ಲವೂ ಈ ಅನುಭವದ ಸಂತತಿಯೆನ್ನಬಹುದು. 1955ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ ಮಕ್ಕಳಿಗೆಂದೇ ಅಂಥ ಘಟಕ ಆರಂಭವಾಯಿತು.

ಡೆನ್ಮಾರ್ಕು ಬಡ ದೇಶವಲ್ಲ, ಅಲ್ಲಿ ಕಲಿತ ಕೈಗಳಿಗೆ ಕೊರತೆಯಿರಲಿಲ್ಲ ಎಂದು ಕೆಲವರು ಹೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ದೇಶದ ಇತಿಹಾಸವೇ ಒದಗಿಸುತ್ತದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದಾಗ ಗಡಿಯ ಬನಗಾಂವ್ ಪಟ್ಟಣದಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆ ಕಾಲಿಡಲು ಜಾಗವಿಲ್ಲದಂತೆ ರೋಗಿಗಳು ಮಲಗಿದ್ದರು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತ್ತು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆಂಬ ತತ್ತ್ವವನ್ನು 1968ರಲ್ಲಿ ಢಾಕಾದ ಪ್ರಯೋಗಗಳು ಕಾಲರಾ ರೋಗಿಗಳಲ್ಲಿ ತೋರಿಸಿಕೊಟ್ಟಿದ್ದವು. ಮಕ್ಕಳ ವೈದ್ಯರಾದ ಡಾ. ದಿಲೀಪ್ ಮಹಲನಬಿಸ್ ಅವರು ಧೈರ್ಯಮಾಡಿ ಅದನ್ನೇ ಅವಲಂಬಿಸಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರೆಸಿ ಪೀಪಾಯಿಗಳಲ್ಲಿ ತುಂಬಿಸಿ, ತಾಯಂದಿರೂ ಬಂಧುಗಳೂ ತಾವೇ ಕುಡಿಸುವಂತೆ ಏರ್ಪಡಿಸಿದರು. ಅಲ್ಲಿ ನೂರಕ್ಕೆ 30ರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದವರಲ್ಲಿ 3.6ಕ್ಕೆ ಇಳಿಯಿತು. ವೈದ್ಯನ ಕೈಯಲ್ಲಿದ್ದ ಚಿಕಿತ್ಸೆ ತಾಯಿಯ ಕೈಗೆ ಬಂದ ಘಟ್ಟವಿದು. ಡಾ. ಮಹಲನಬಿಸ್ ಅವರು 2022ರಲ್ಲಿ ನಿಧನರಾದರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಗೌರವ ಅವರಿಗೆ ಸಂದಿತು.

ಕೋಪನ್‌ಹೇಗನ್ನಿನಲ್ಲೂ ಬನಗಾಂವಿನಲ್ಲೂ ರೋಗವೊಂದೇ, ಶತ್ರುವೊಬ್ಬನೇ. ಆದರೆ ದಿನನಿತ್ಯದ ಆಸ್ಪತ್ರೆಯಲ್ಲಿ ನೆಗಡಿಯ ಮಗು, ಮಲೇರಿಯಾದಿಂದ ಎಚ್ಚರ ತಪ್ಪಿದ ಮಗು, ಲಸಿಕೆಗೆ ಬಂದ ಮಗು ಎಲ್ಲರೂ ಒಂದೇ ಸಾಲಿನಲ್ಲಿ ಕಾಯುತ್ತಾರೆ. ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿರುವ ಕ್ವೀನ್ ಎಲಿಜಬೆತ್ ಕೇಂದ್ರ ಆಸ್ಪತ್ರೆಯ ಸ್ಥಿತಿ ಹೀಗೆಯೇ ಇತ್ತು. ಮಕ್ಕಳ ತಜ್ಞೆ ಡಾ. ಎಲಿಜಬೆತ್ ಮೊಲಿನ್ಯೂ ಮತ್ತು ಅವರ ಸಹೋದ್ಯೋಗಿಗಳು ಲೋಪವನ್ನು ತಮ್ಮಲ್ಲಿಯೇ ಹುಡುಕಿದರು. ವಿಭಾಗದ ಕೋಣೆಗಳ ವಿನ್ಯಾಸವನ್ನು ಬದಲಿಸಿ, ಸಿಬ್ಬಂದಿಗೆಲ್ಲ ತುರ್ತು ಚಿಕಿತ್ಸೆಯಲ್ಲೂ ವಿಂಗಡಣೆಯಲ್ಲೂ ತರಬೇತಿಯಿತ್ತು, ಹೊರರೋಗಿ ವಿಭಾಗಕ್ಕೂ ಒಳರೋಗಿ ವಾರ್ಡಿಗೂ ನಿಕಟ ಸಂಬಂಧ ಕಲ್ಪಿಸಿ, 2001ರ ಜನವರಿಯಲ್ಲಿ ವಿಭಾಗವನ್ನು ಮತ್ತೆ ತೆರೆದರು. ಅದಕ್ಕೆ ಮೊದಲು ದಾಖಲಾದ ಮಕ್ಕಳಲ್ಲಿ ನೂರಕ್ಕೆ 10ರಿಂದ 18ರಷ್ಟು ಸಾಯುತ್ತಿದ್ದರೆ, ಅನಂತರ ಆ ಪ್ರಮಾಣ 6ರಿಂದ 8ಕ್ಕೆ ಇಳಿಯಿತು.

ಈ ಪದ್ಧತಿಯ ತಿರುಳು ಸರಳವಾದುದು. ಮಗು ಬಾಗಿಲಿಗೆ ಬಂದೊಡನೆ, ಚೀಟಿ ಬರೆಸುವುದಕ್ಕೂ ಮೊದಲು, ಯಾರಾದರೂ ಅದನ್ನು ನೋಡಬೇಕು. ಉಸಿರಾಟಕ್ಕೆ ತೀವ್ರ ತೊಡಕಿದೆಯೇ? ನಾಲಿಗೆ ನೀಲಿಗಟ್ಟಿದೆಯೇ? ಕೈ ತಣ್ಣಗಾಗಿ ನಾಡಿ ಕ್ಷೀಣವಾಗಿದೆಯೇ? ಎಚ್ಚರ ತಪ್ಪಿದೆಯೇ, ಸೆಳವು ಬರುತ್ತಿದೆಯೇ? ಭೇದಿಯಿಂದ ಕಣ್ಣು ಗುಳಿಬಿದ್ದು ನಿತ್ರಾಣವಾಗಿದೆಯೇ? ಇವುಗಳಲ್ಲಿ ಒಂದಿದ್ದರೂ ಆ ಕ್ಷಣವೇ ಚಿಕಿತ್ಸೆ. ಎರಡು ತಿಂಗಳು ತುಂಬದ ಹಸುಗೂಸು, ಸುಟ್ಟಗಾಯ, ವಿಷಪ್ರಾಶನ, ತೀವ್ರ ಅಪೌಷ್ಟಿಕತೆ ಮೊದಲಾದವು ಸಾಲಿನ ಮುಂದಕ್ಕೆ; ಉಳಿದವರು ತಮ್ಮ ಸರದಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಪ್ರಕಟಿಸಿದ ತರಬೇತಿ ಕ್ರಮವು, ಬಾಗಿಲು ಕಾಯುವವನಿಗೂ ಗುಮಾಸ್ತನಿಗೂ ಈ ತುರ್ತು ಚಿಹ್ನೆಗಳನ್ನು ಕಲಿಸಬೇಕೆಂದು ವಿಧಿಸಿತು. ಆಸ್ಪತ್ರೆಯಲ್ಲಿ ಸಾಯುವ ಮಕ್ಕಳಲ್ಲಿ ಅನೇಕರು ಬಂದ ಮೊದಲ 24 ಗಂಟೆಗಳೊಳಗೇ ಸಾಯುತ್ತಾರೆಂಬುದನ್ನು ನೆನೆದರೆ, ಮಗುವನ್ನು ಮೊದಲು ಕಾಣುವ ಕಣ್ಣಿಗೆ ಇಷ್ಟು ಮಹತ್ತ್ವವಿತ್ತುದರ ಔಚಿತ್ಯ ಮನದಟ್ಟಾಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ವಾಚಕರು ಗಮನಿಸಬೇಕು. ತ್ವರೆಯೊಂದರಿಂದಲೇ ಚಿಕಿತ್ಸೆ ಶ್ರೇಷ್ಠವೆನಿಸುವುದಿಲ್ಲ. ರಕ್ತಸಂಚಾರ ಕುಗ್ಗಿದ ಮಗುವಿಗೆ ರಕ್ತನಾಳದ ಮೂಲಕ ವೇಗವಾಗಿ ದ್ರವ ಹರಿಸಬೇಕೆಂಬುದು ಬಹುಕಾಲ ಪ್ರಶ್ನಾತೀತ ವಿಧಿಯಾಗಿತ್ತು. ಕೆನ್ಯಾ, ಟಾಂಜಾನಿಯಾ, ಉಗಾಂಡಾ ದೇಶಗಳಲ್ಲಿ ಡಾ. ಕ್ಯಾಥರಿನ್ ಮೈಟ್‌ಲ್ಯಾಂಡ್ ಮತ್ತು ಸಂಗಡಿಗರು, ತೀವ್ರ ಜ್ವರದೊಡನೆ ರಕ್ತಸಂಚಾರ ಕುಗ್ಗಿದ 3,000ಕ್ಕೂ ಮೇಲ್ಪಟ್ಟು ಮಕ್ಕಳಲ್ಲಿ ಈ ವಿಧಿಯನ್ನು ಪರೀಕ್ಷಿಸಿದರು. 2011ರಲ್ಲಿ ಹೊರಬಂದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು: ವೇಗವಾಗಿ ದ್ರವ ಪಡೆದವರಲ್ಲಿ 48 ಗಂಟೆಗಳೊಳಗೆ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರೆ, ಪಡೆಯದವರಲ್ಲಿ ತೀರಿಕೊಂಡವರು 7.3ರಷ್ಟು. ಭೇದಿಯಿಂದ ನೀರು ಕಳೆದುಕೊಂಡ ಮಕ್ಕಳು ಈ ಪರೀಕ್ಷೆಯಲ್ಲಿರಲಿಲ್ಲ. ಅವರಿಗೆ ದ್ರವ ಇಂದಿಗೂ ಪ್ರಾಣದಾಯಿಯೇ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ತನ್ನ ತುರ್ತು ಚಿಕಿತ್ಸೆಯ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಸದುದ್ದೇಶದಿಂದ ಮಾಡಿದ ಕಾರ್ಯವನ್ನೂ ಒರೆಗೆ ಹಚ್ಚಿ ನೋಡುವ ವಿನಯವಿಲ್ಲದಿದ್ದರೆ ಕರುಣೆಯೇ ಕೊಲ್ಲಬಹುದೆಂಬ ಪಾಠ ಇಲ್ಲಿದೆ.

ಇಷ್ಟನ್ನೂ ಒಟ್ಟಾಗಿ ಅವಲೋಕಿಸಿದಾಗ ಒಂದು ಸತ್ಯ ನಿಚ್ಚಳವಾಗುತ್ತದೆ. ಯಂತ್ರವೂ ಔಷಧವೂ ಆಮ್ಲಜನಕವೂ ಅವಶ್ಯವೇ. ಅವುಗಳ ಅಭಾವವನ್ನು ಯಾವ ವ್ಯವಸ್ಥೆಯೂ ಪೂರ್ತಿಯಾಗಿ ತುಂಬಿಕೊಡಲಾರದು. ಆದರೆ ಅವು ಇದ್ದೂ ಮಕ್ಕಳು ಸಾಯುವುದು ಸಾಲಿನಲ್ಲಿ, ಯಾರೂ ನೋಡದೆ ಹೋದ ಆ ಒಂದು ಗಳಿಗೆಯಲ್ಲಿ. ನಮ್ಮ ಮಠಗಳ ಆಶ್ರಯದಲ್ಲಿ ಓದಿ ಇಂದು ವೈದ್ಯರಾಗಿ, ದಾದಿಯರಾಗಿ, ಅಧ್ಯಾಪಕರಾಗಿ, ಆಸ್ಪತ್ರೆಗಳ ಆಡಳಿತಗಾರರಾಗಿ ನೆಲಸಿರುವವರು ಅನೇಕರಿದ್ದಾರೆ. ತಮ್ಮ ಊರಿನ ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಕಾಣುವವರು ಯಾರು, ಅವರಿಗೆ ಮೇಲೆ ಹೇಳಿದ ಚಿಹ್ನೆಗಳು ತಿಳಿದಿವೆಯೇ ಎಂದು ಅವರು ಒಮ್ಮೆ ವಿಚಾರಿಸಲಿ. ತಂದೆತಾಯಿಗಳೂ ಆ ಚಿಹ್ನೆಗಳನ್ನು ಕಲಿತಿರಲಿ. ಕಂಡೊಡನೆ ಸಂಕೋಚಪಡದೆ ಸಾಲು ಬಿಟ್ಟು ಮುಂದೆ ಹೋಗಿ ಗಟ್ಟಿಯಾಗಿ ಹೇಳಲಿ. ಸಾಲಿನಲ್ಲಿರುವ ಉಳಿದವರು ಗೊಣಗದೆ ಆ ತಾಯಿಗೆ ದಾರಿ ಬಿಡಲಿ.