ಮೂತ್ರನಾಳ ಸೋಂಕಿನ ಪ್ರತಿಜೀವಕಗಳು: ಸುರಕ್ಷತೆಯ ಇತಿಹಾಸ ಮತ್ತು ಗುಜರಾತ್

ಮೂತ್ರನಾಳದ ಸೋಂಕಿಗೆ ಬಳಸುವ ಔಷಧಗಳ ಅಡ್ಡಪರಿಣಾಮ ಮತ್ತು ಅವುಗಳ ನಿಯಂತ್ರಣದ ಇತಿಹಾಸವಿದು. ಮೂತ್ರಪಿಂಡದ ಕಲ್ಲು ಹೆಚ್ಚಾಗಿ ಕಾಣುವ ಪ್ರದೇಶಗಳಲ್ಲಿ ಗುಜರಾತ್ ಒಂದು. ಕಲ್ಲಿದ್ದವರಲ್ಲಿ ಸೋಂಕು ಮರುಕಳಿಸುತ್ತದೆ, ಔಷಧವೂ ಮತ್ತೆ ಮತ್ತೆ ದೇಹ ಸೇರುತ್ತದೆ. ಹಾಗಾಗಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಆರಂಭ. 1930ರ ದಶಕದಲ್ಲಿ ಸಲ್ಫಾ, 1953ರಲ್ಲಿ ನೈಟ್ರೊಫ್ಯುರಾಂಟೊಯಿನ್, 1960ರ ದಶಕದಲ್ಲಿ ನ್ಯಾಲಿಡಿಕ್ಸಿಕ್ ಆಮ್ಲ, 1980ರ ದಶಕದಲ್ಲಿ ನಾರ್‌ಫ್ಲಾಕ್ಸಾಸಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್ ಬಂದವು. ಸಲ್ಫಾದಿಂದ ಚರ್ಮದ ತೀವ್ರ ಅಲರ್ಜಿ, ದೀರ್ಘಕಾಲದ ನೈಟ್ರೊಫ್ಯುರಾಂಟೊಯಿನ್‌ನಿಂದ ಶ್ವಾಸಕೋಶ ಮತ್ತು ನರಗಳಿಗೆ ಹಾನಿ ಆಗಬಹುದು.

ತಿರುವು. ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಸೇರಿರುವ ಫ್ಲೊರೊಕ್ವಿನೊಲೋನ್ ವರ್ಗದ ದೋಷಗಳು ತಡವಾಗಿ, ಒಂದೊಂದಾಗಿ ದಾಖಲಾದವು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಸ್ನಾಯುರಜ್ಜು ಹರಿಯುವ ಬಗ್ಗೆ, 2013ರಲ್ಲಿ ನರಹಾನಿಯ ಬಗ್ಗೆ ಎಚ್ಚರಿಸಿದರು. ಬೇರೆ ಔಷಧವಿದ್ದರೆ ಸರಳ ಮೂತ್ರ ಸೋಂಕಿಗೆ ಇವು ಬೇಡವೆಂದು 2016ರಲ್ಲಿ ಸೂಚಿಸಿದರು. ರಕ್ತದ ಸಕ್ಕರೆ ಕುಸಿತ ಮತ್ತು ಮಹಾಪಧಮನಿಯ ಬಿರುಕಿನ ಎಚ್ಚರಿಕೆ 2018ರಲ್ಲಿ ಬಂತು.

ಭಾರತದಲ್ಲಿ. ನಿಷೇಧ, ಎಚ್ಚರಿಕೆ, ಮಾರಾಟ ನಿಯಮ ಈ ಮೂರನ್ನೂ ಒಂದೇ ಎಂದು ಭಾವಿಸುವುದುಂಟು. 2011ರ ಮಾರ್ಚ್‌ನಲ್ಲಿ ನಿಷೇಧವಾದದ್ದು ಇದೇ ವರ್ಗದ ಗ್ಯಾಟಿಫ್ಲಾಕ್ಸಾಸಿನ್‌ನ ಮಾತ್ರೆ ಮತ್ತು ಚುಚ್ಚುಮದ್ದು, ಇಡೀ ಔಷಧವರ್ಗವಲ್ಲ. ರಕ್ತದ ಸಕ್ಕರೆಯನ್ನು ಏರುಪೇರು ಮಾಡುವ ಗುಣವೇ ಅದಕ್ಕೆ ಮುಳುವಾಯಿತು. 2014ರ ಮಾರ್ಚ್ 1ರಿಂದ ಜಾರಿಯಾದ ಶೆಡ್ಯೂಲ್ ಎಚ್1 ಎಂಬ ಔಷಧ ಪಟ್ಟಿ ನಿಷೇಧವಲ್ಲ. ಚೀಟಿ ಬರೆದ ವೈದ್ಯರು, ರೋಗಿ, ಔಷಧ ಮತ್ತು ಅದರ ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕೆಂಬ ನಿಯಮವದು. ಇದೇ ವರ್ಗದ ಲೆವೊಫ್ಲಾಕ್ಸಾಸಿನ್ ಆ ಪಟ್ಟಿಗೆ ಸೇರಿತು. ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಸೇರಲಿಲ್ಲ, ಆದರೂ ಅವಕ್ಕೂ ವೈದ್ಯರ ಚೀಟಿ ಬೇಕೇಬೇಕು.

ಮೂರು ನಗರಗಳಲ್ಲಿ. ರಾಷ್ಟ್ರೀಯ ಔಷಧ ಸುರಕ್ಷಾ ನಿಗಾ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಮರುವರ್ಷ ಅದರ ಸಮನ್ವಯ ಕೇಂದ್ರ ದೆಹಲಿಯ ಏಮ್ಸ್‌ನಿಂದ ಗಾಜಿಯಾಬಾದ್‌ಗೆ ಸ್ಥಳಾಂತರವಾಯಿತು. ಅಹಮದಾಬಾದ್‌ನ ಬಿ. ಜೆ. ವೈದ್ಯಕೀಯ ಕಾಲೇಜು, ವಡೋದರಾ ಮತ್ತು ಸೂರತ್‌ನ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಅದರ ನಿಗಾ ಕೇಂದ್ರಗಳಾಗಿವೆ. ಮಧುಮೇಹಿಗಳು, ಮೂತ್ರಪಿಂಡ ದುರ್ಬಲವಾದವರು, ಸ್ಟಿರಾಯ್ಡ್ ಸೇವಿಸುವ ವೃದ್ಧರು ಈ ಪ್ರತಿಜೀವಕಗಳಿಂದ ಹೆಚ್ಚು ಅಪಾಯಕ್ಕೆ ಒಳಗಾಗುವವರು. ಇಂಥವರು ಹಳೆಯ ಚೀಟಿಯ ಮೇಲೆ ಮಾತ್ರೆ ಕೊಳ್ಳಬಾರದು. ಹಿಮ್ಮಡಿಯ ಹಿಂದಿನ ನೋವು, ಕೈಕಾಲು ಜೋಮು, ದದ್ದು ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಅಡ್ಡಪರಿಣಾಮವನ್ನು ರೋಗಿಗಳೂ ನಿಗಾ ಕಾರ್ಯಕ್ರಮಕ್ಕೆ ನೇರವಾಗಿ ವರದಿ ಮಾಡಬಹುದು. ಉಚಿತ ದೂರವಾಣಿ ಸಂಖ್ಯೆ 1800-180-3024.