ಪುಲಿಗೆರೆಯ ಆಚಾರವ್ಯವಸ್ಥೆ: ಗದಗ ಸೀಮೆಯಲ್ಲಿ ಕಾನೂನು ಮತ್ತು ಕನ್ನಡತನ

ಕನ್ನಡದ ತಿರುಳ ನಾಡು ಯಾವುದೆಂದು ಹೇಳುವಾಗ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ಸೀಮೆಯನ್ನು ಹೆಸರಿಸುತ್ತದೆ. ಸುಮಾರು ಕ್ರಿ.ಶ. 850ರ ಮಾತಿದು. ಮುಂದೆ 941ರಲ್ಲಿ ಪಂಪನೂ ತನ್ನ ಭಾರತದ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಈ ಊರಿಗೆ ಇಂಥ ಮನ್ನಣೆ ಏಕೆ ಬಂತೆಂದು ಕೇಳಿದರೆ ಸಾಹಿತ್ಯ ಚರಿತ್ರೆಕಾರರು ಕವಿಗಳನ್ನು, ಬಸದಿಗಳನ್ನು, ಸೋಮೇಶ್ವರ ಗುಡಿಯನ್ನು ತೋರಿಸುತ್ತಾರೆ. ಕವಿರಾಜಮಾರ್ಗಕ್ಕಿಂತ ಒಂದು ಶತಮಾನಕ್ಕೂ ಹಿಂದೆ ಇದೇ ಊರಿನ ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆದ ಒಂದು ಕಾನೂನು ಈ ಚರ್ಚೆಯೊಳಗೆ ಬರುವುದು ಅಪರೂಪ. ನನ್ನ ವಾದ ಅಲ್ಲಿಂದ ಹೊರಡುತ್ತದೆ.

ಬಾದಾಮಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದಾಗ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಎಂದರೆ ಪುಲಿಗೆರೆಯ, ಮಹಾಜನಕ್ಕೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ (ಜನವರ್ಗಗಳಿಗೆ) ಒಂದು ‘ಆಚಾರವ್ಯವಸ್ಥೆ’ ಕೊಟ್ಟ. ಶಾಸನದಲ್ಲಿ ವರ್ಷವಿಲ್ಲ, ವಿದ್ವಾಂಸರು ಸುಮಾರು 725 ಎನ್ನುತ್ತಾರೆ. ಇದು ದತ್ತಿಶಾಸನವಲ್ಲ, ವೀರಗಲ್ಲೂ ಅಲ್ಲ. ಆಳುವವರೂ ಊರವರೂ ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಕಟ್ಟಳೆ. ಮೊದಲು ಬರುವುದು ಅರಸನ ಅಧಿಕಾರಿಗಳ ಹೊಣೆ: ವಾಸವಿಲ್ಲದ ಮನೆಗಳನ್ನು, ಅರಸನ ದತ್ತಿ ಮತ್ತು ಘೋಷಣೆಗಳನ್ನು, ಸಜ್ಜನರ ಸಾಕ್ಷ್ಯವನ್ನು, ರೂಢಿಯ ಮರ್ಯಾದೆಯನ್ನು, ತಾಮ್ರಶಾಸನಗಳನ್ನು, ಅನುಭವಿಸುತ್ತ ಬಂದ ಭೋಗವನ್ನು ಅವರು ಕಾಪಾಡಬೇಕು. ಆಮೇಲೆ ಊರವರ ಪಾಲು. ಒಕ್ಕಲಿರುವ ಪ್ರತಿ ಮನೆಯೂ ವೈಶಾಖದಲ್ಲಿ ದೇಶಾಧಿಪತಿಗೆ ತೆರಿಗೆ ಕೊಡಬೇಕು. ಹಬ್ಬದ ತೆರಿಗೆ ಎಲ್ಲರಿಗೂ ಒಂದೇ ಅಲ್ಲ: ಉತ್ತಮ ಮನೆಗೆ 10 ಪಣ, ಮಧ್ಯಮಕ್ಕೆ 7, ಅದಕ್ಕೂ ಕೆಳಗಿನದಕ್ಕೆ 5, ತೀರ ಬಡವರಿಗೆ 3. ಕಳವು ಮತ್ತು ಸಣ್ಣಪುಟ್ಟ ತಪ್ಪುಗಳ ದಂಡದ ಹಣ ಕಾರ್ತಿಕದಲ್ಲಿ ಅಲ್ಲಿನ ಶ್ರೇಣಿಗೆ (ಕಸುಬುದಾರರ ಸಂಘಕ್ಕೆ) ಸಲ್ಲಬೇಕು.

ಇದನ್ನು ಪ್ರಜಾಪ್ರಭುತ್ವವೆಂದು ಕೊಂಡಾಡುವ ಉತ್ಸಾಹ ನನಗಿಲ್ಲ. ಮಹಾಜನರು ಯಾರು, ಹದಿನೆಂಟು ಪ್ರಕೃತಿಗಳಲ್ಲಿ ಯಾರಿಗೆ ಎಷ್ಟು ಮಾತಿತ್ತು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ವ್ಯವಸ್ಥೆಯನ್ನು ಕೊಟ್ಟವನು ಯುವರಾಜ, ಊರವರು ಪಡೆದವರು. ಆದರೂ ಎರಡು ಸಂಗತಿ ಗಮನಿಸಬೇಕು. ತೆರಿಗೆಯ ಮಾತಿಗಿಂತ ಮೊದಲು ಅಧಿಕಾರಿಯ ಕರ್ತವ್ಯ ಬಂದಿದೆ. ಎರಡನೆಯದು ಭಾಷೆ. ಚಾಲುಕ್ಯ ಅರಸರ ಹೆಸರಿನಲ್ಲಿ ಇದೇ ಊರಿನ ಶಂಖಬಸದಿಗೆ ಕೊಟ್ಟ ದತ್ತಿಗಳ ಶಾಸನಗಳು ಸಂಸ್ಕೃತದಲ್ಲಿವೆ. ದೇವರಿಗೆ, ಗುರುಗಳಿಗೆ ಕೊಟ್ಟದ್ದನ್ನು ಸಂಸ್ಕೃತದಲ್ಲಿ ಹೇಳಿದರೆ ನಡೆಯುತ್ತಿತ್ತು. ಎಣ್ಣೆ ಗಾಣದವನಿಗೂ ಕಂಚುಗಾರನಿಗೂ ತಟ್ಟುವ ಕಟ್ಟಳೆಯನ್ನು ಅವರ ಮಾತಿನಲ್ಲೇ ಬರೆಯಬೇಕಾಯಿತು. ತೆರಿಗೆ, ದಂಡ, ಸಾಕ್ಷ್ಯ, ಭೋಗಗಳನ್ನು ನಿಖರವಾಗಿ ಹೇಳಬಲ್ಲ ಗದ್ಯ ಒಂದು ಊರಿನಲ್ಲಿ ಬಳಕೆಗೆ ಬಂದ ಮೇಲೆ ಆ ಊರಿನ ಭಾಷೆ ಮಾದರಿಯಾಗುವುದು ಸಹಜ. ಪುಲಿಗೆರೆಯ ಕನ್ನಡದ ಹೆಸರು ಕಾವ್ಯದಿಂದಷ್ಟೇ ಬಂದದ್ದಲ್ಲ.

ಈ ಪರಂಪರೆ ಒಂದೇ ಕಲ್ಲಿಗೆ ಮುಗಿಯಲಿಲ್ಲ. ಗದಗ ತಾಲೂಕಿನ ಕೋಟುಮಚಗಿಯಲ್ಲಿ ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನವಿದೆ. ಅದರಲ್ಲಿ ಅಗ್ರಹಾರದ ದಂಡಪಟ್ಟಿಯೇ ಉಂಟು: ಬೈದರೆ 2 ಪಣ, ಹೊಡೆದರೆ 12 ಪಣ, ಕಠಾರಿ ಹಿರಿದರೆ 3 ಗದ್ಯಾಣ, ಇರಿದರೆ 12 ಗದ್ಯಾಣ. ಹಿರಿದದ್ದಕ್ಕೂ ಇರಿದದ್ದಕ್ಕೂ ನಡುವೆ ಇಷ್ಟು ಅಂತರವಿಟ್ಟವರು ಅಪರಾಧವನ್ನು ಅಳೆದು ತೂಗಿದವರು. ಪಾಠ ಹೇಳುವವರ ಜೀವನಕ್ಕೆ ಭೂಮಿ ಬಿಟ್ಟ ವಿವರವೂ ಅದೇ ಶಾಸನದಲ್ಲಿದೆ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಚಿತ್ರವೇ ಬೇರೆ. ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಮುಂಡರಗಿಯಾಚೆ ಗಡಿ ದಾಟಿದರೆ ಕೊಪ್ಪಳ, ನಿಜಾಮನ ಸೀಮೆ. ಸಾಂಗಲಿ, ಮಿರಜಗಳನ್ನು ಆಳುತ್ತಿದ್ದ ಪಟವರ್ಧನರ ದಫ್ತರ ಮರಾಠಿಯಲ್ಲಿತ್ತು. ಕನ್ನಡದಲ್ಲಿ ಕಾನೂನು ಬರೆಸಿಕೊಂಡ ಪುಲಿಗೆರೆಯ ರೈತ ತನ್ನ ಅರ್ಜಿಯನ್ನು ಮರಾಠಿಯಲ್ಲಿ ಬರೆಸಬೇಕಾದ ಕಾಲ ಅದು. ಇವತ್ತಿಗೂ ಈ ಭಾಗದಲ್ಲಿ ಹೊಲದ ಕಾಗದಕ್ಕೆ ಉತಾರ ಎನ್ನುವುದು ಆ ಕಾಲದ ಉಳಿಕೆ.

ಹಾಗೆಂದು ಸಂಸ್ಕೃತಿಯೆಲ್ಲ ಕಚೇರಿಯಲ್ಲೇ ಹುಟ್ಟುತ್ತದೆ ಎನ್ನಲಾಗದು. ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠದ ಭಾವೈಕ್ಯಕ್ಕೆ ಯಾವ ಸಂಸ್ಥಾನದ ಹುಕುಮೂ ಕಾರಣವಲ್ಲ, ಯಾವ ಗಡಿಯೂ ಅದಕ್ಕೆ ಅಡ್ಡಿಯಾಗಲಿಲ್ಲ.

ಕಾನೂನನ್ನು ಎದುರಿಸಿಯೂ ಗುರುತು ಮೂಡುತ್ತದೆ. ನರಗುಂದದ ಅರಸ ಬಾಬಾಸಾಹೇಬರಿಗೆ ಬ್ರಿಟಿಷರು ದತ್ತು ಸ್ವೀಕಾರದ ಅನುಮತಿ ಕೊಡಲಿಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಜನರ ಮನೆಯ ಆಯುಧಕ್ಕೆ ಕೈ ಹಾಕಿತು. ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳು ಪತ್ತೆಯಾದ ಮೇಲೆ ಮುಂಡರಗಿ ಭೀಮರಾಯ ಬಂಡೆದ್ದು, ಡಂಬಳದ ಖಜಾನೆ ಲೂಟಿ ಮಾಡಿ ಕೊಪ್ಪಳದ ಕೋಟೆ ಸೇರಿದ. 1858ರ ಜೂನ್ 1ರಂದು ಅಲ್ಲೇ ಮಡಿದ. ದತ್ತಕ ಮತ್ತು ಆಯುಧ ಎರಡೂ ಶುದ್ಧ ಆಡಳಿತದ ವಿಷಯಗಳು. ಈ ನಾಡಿನ ಜನ ಅವನ್ನು ಮಾನದ ಪ್ರಶ್ನೆಯಾಗಿ ಕಂಡರು.

ಏಕೀಕರಣದ ಹೋರಾಟದಲ್ಲಿ ವಕೀಲರ ಕೈ ದೊಡ್ಡದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ನಾಡಗೀತೆಯನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲಿ ಮಾಡುತ್ತಿದ್ದವರು. ಆಲೂರ ವೆಂಕಟರಾಯರೂ ಕಾನೂನು ಓದಿದವರೇ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬಯಿ ಶಾಸನಸಭೆಯಲ್ಲಿ ದನಿ ಎತ್ತಿದರು. ಇವರಿಗೆ ನಾಡು ಬರೀ ಭಾವನೆಯಾಗಿರಲಿಲ್ಲ. ಗಡಿ, ದಫ್ತರ, ಕೋರ್ಟು ಎಲ್ಲ ಕನ್ನಡದ್ದಾಗಬೇಕಿತ್ತು. 1948ರ ಮಾರ್ಚ್‌ನಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಂತೆ 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಮಾಡಿತು. 1997ರಲ್ಲಿ ಗದಗ ಜಿಲ್ಲೆಯಾಯಿತು, ಆಮೇಲೆ ಲಕ್ಷ್ಮೇಶ್ವರವೂ ತಾಲೂಕಾಯಿತು.

ತಾಲೂಕು ಕಚೇರಿಯವರೆಗೆ ಕನ್ನಡ ಬಂದಿದೆ. ಅಲ್ಲಿಂದ ಮೇಲೆ? ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠ 2008ರಲ್ಲಿ ಆರಂಭವಾಯಿತು. ದೂರ ಕಡಿಮೆಯಾಯಿತು, ಭಾಷೆ ಬದಲಾಗಲಿಲ್ಲ. ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿನ ಕಲಾಪ ಇಂಗ್ಲಿಷಿನಲ್ಲಿದೆ. ಅದೇ ವಿಧಿಯ ಎರಡನೆಯ ಉಪವಿಧಿಯಲ್ಲಿ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯದ ಭಾಷೆಯನ್ನು ಬಳಸಲು ಅವಕಾಶವಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಆ ಅವಕಾಶ ಸಿಕ್ಕಿದೆ. ತಮಿಳು, ಬಂಗಾಳಿ, ಗುಜರಾತಿಗಳ ಜೊತೆ ಕನ್ನಡದ ಪ್ರಸ್ತಾವವೂ ಹೋಗಿತ್ತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕರ್ನಾಟಕ ಸರ್ಕಾರ ಆ ಪ್ರಸ್ತಾವವನ್ನು ಮತ್ತೆ ಕಳಿಸಬೇಕು, ಕಳಿಸುವಾಗ ಲಕ್ಷ್ಮೇಶ್ವರದ ಈ ಶಾಸನದ ಪ್ರತಿಯೊಂದನ್ನು ಜೊತೆಗೆ ಲಗತ್ತಿಸಬೇಕು.