ಆರ್‌ಸಿ ಮೇಲೆ ಯಾರ ಹೆಸರದ? ನಮ್ಮ ಕಡೆಯ ಸೆಕೆಂಡ್ ಹ್ಯಾಂಡ್ ಕಾರಿನ ಕಥೆ

ಇವತ್ತಿನ ಕಂತು ಕಾರಿನ ಬಗ್ಗೆ. ಶೋರೂಮಿನಾಗ ರಿಬ್ಬನ್ ಕಟ್ಟಿ, ಚಾವಿ ಹಿಡ್ಕೊಂಡು ಫೋಟೋ ತೆಗೆಸ್ಕೊಳ್ಳೋ ಹೊಸ ಕಾರಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ರಸ್ತೆ ಮ್ಯಾಲೆ ದಿನಾ ಕಾಣೋ ಗಾಡಿ. ಬೇರೆ ಊರಿನಾಗ ಬೇರೆ ಯಾರೋ ಓಡಿಸಿ ಮಾರಿದ, ನಾವು ತಂದು ಇಟ್ಕೊಂಡ ಚಿಕ್ಕ ಹ್ಯಾಚ್‌ಬ್ಯಾಕ್.

ಇತಿಹಾಸದ ಪಾಡ್‌ಕಾಸ್ಟಿನಾಗ ಆಲ್ಟೋಗೇನು ಕೆಲಸ ಅಂತ ಕೇಳ್ತೀರಿ. ಕೆಲಸ ಅದ. ಕಾರಿನ ಇತಿಹಾಸ ಬರೆಯೋರು ಅದು ಮೊದಲ ಸಲ ಮಾರಾಟ ಆದ ದಿನ ಬರೀತಾರ. ನಮ್ಮ ತಾಲ್ಲೂಕುಗಳ ಇತಿಹಾಸ ಶುರುವಾಗೋದು ಅದು ಎರಡನೇ ಸಲ ಮಾರಾಟ ಆದ ದಿನ. ಆ ಎರಡನೇ ಮಾರಾಟದಾಗ ಗಾಡಿ ಊರಿಗೆ ಬರ್ತದ, ಹೆಸರು ಬಹಳ ಸಲ ಹಿಂದೇ ಉಳಿದುಬಿಡ್ತದ. ಇವತ್ತು ನಾನು ಹೇಳಬೇಕಾಗಿರೋದು ಆ ಉಳಿದ ಹೆಸರಿನ ಬಗ್ಗೆ.

ಮೊದಲು ರಸ್ತೆಯ ಕಥೆ. 1905ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿ ಲಿಂಗಸುಗೂರು ಅನ್ನೋ ಹೆಸರಿನ ಒಂದು ಜಿಲ್ಲೆಯೇ ಇತ್ತು. ಆ ಜಿಲ್ಲೆ ಹೋಯಿತು. ಅಲ್ಲಿಂದ ದೊಡ್ಡ ಕೆಲಸ ಏನೇ ಇದ್ದರೂ ರಾಯಚೂರು ಕಡೆ ಮುಖ ಮಾಡೋದು ರೂಢಿ ಆಯಿತು. ದೂರ ಸುಮಾರು 90 ಕಿಲೋಮೀಟರ್. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ನಡುವೆ ಒಂದೂವರೆ ಶತಮಾನ ನಾವು ರಸ್ತೆಯನ್ನೇ ನಂಬಿ ಬದುಕಿದ್ವಿ.

ಆ ರಸ್ತೆಗೆ ಸರ್ಕಾರಿ ಬಸ್ಸಿನ ಯುಗ ಶುರುವಾದದ್ದು ನಿಜಾಮರ ಕಾಲದಾಗ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ ಸಂಸ್ಥಾನದಲ್ಲಿ 27 ಬಸ್ಸು, 166 ನೌಕರರನ್ನು ಇಟ್ಟುಕೊಂಡು ಕೆಲಸ ಶುರು ಮಾಡಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ, ಬಸ್ಸಿನ ಮ್ಯಾಲಿನ ಹೆಸರು ಬದಲಾಯಿತು. ಇವತ್ತು ಅದು ಕಲ್ಯಾಣ ಕರ್ನಾಟಕ ಸಾರಿಗೆ. ಬಸ್ಸು ಊರನ್ನು ಊರಿಗೆ ಜೋಡಿಸಿತು, ಖರೆ. ಆದ್ರ ರಾತ್ರಿ ಎರಡು ಗಂಟೆಗೆ ಹೆರಿಗೆ ಬ್ಯಾನಿ ಶುರುವಾದ್ರ ಬಸ್ಸಿಲ್ಲ. ಆಗ ಊರಿನ ಒಬ್ಬರೋ ಇಬ್ಬರೋ ಜೀಪು, ಅಂಬಾಸಿಡರ್ ಇದ್ದೋರ ಮನಿ ಬಾಗಿಲು ಬಡಿಯೋದು. ಕಾರಿತ್ತು ಅಂದ್ರ ಅವರಿಗೆ ಹಣ ಇತ್ತು ಅಂತ ಮಾತ್ರ ಅರ್ಥ ಅಲ್ಲ, ಊರು ಅವರ ಋಣದಾಗಿತ್ತು ಅಂತನೂ ಅರ್ಥ.

ಇನ್ನು ಚಿಕ್ಕ ಕಾರು. 1981ರ ಫೆಬ್ರವರಿಯಲ್ಲಿ ಮಾರುತಿ ಉದ್ಯೋಗ್ ಸರ್ಕಾರಿ ಕಂಪನಿಯಾಗಿ ಸ್ಥಾಪನೆ ಆಯಿತು. 1982ರಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಚಾವಿ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಬೆಲೆ 50 ಸಾವಿರದ ಒಳಗೆ. ಅಂಬಾಸಿಡರಿಗೆ ಇದ್ದಂಥ ಉದ್ದ ಡಿಕ್ಕಿ ಇದಕ್ಕೆ ಇರಲಿಲ್ಲ. ಹಿಂದಿನ ಬಾಗಿಲು ಮ್ಯಾಲೆ ಎತ್ತಿ, ಹಿಂದಿನ ಸೀಟು ಮಡಚಿದ್ರ ಅದೇ ಜಾಗ. ಈ ಹ್ಯಾಚ್‌ಬ್ಯಾಕ್ ಆಕಾರ ಪೇಟೆಯೊಳಗ ಪಾರ್ಕಿಂಗಿಗೆ ಅನುಕೂಲ ಅಂತ ಮಾಡಿದ್ದು. ನಮ್ಮ ಕಡೆ ಅದು ಬೀಜದ ಚೀಲ, ತೊಗರಿ ಚೀಲಕ್ಕ ಅನುಕೂಲ ಆಯಿತು.

ಈ ಕಾರು ನಮ್ಮ ಊರ ತನಕ ಹ್ಯಾಂಗ ಬಂತು? ಇಲ್ಲಿ ನಾನು ಬಿಕಾಂ ಓದಿದ್ದು ಉಪಯೋಗಕ್ಕ ಬರ್ತದ. ಹಳೆ ಕಾರು ಅಗ್ಗ ಆಗಬೇಕಾದ್ರ ಪೇಟೆಯವರಿಗೆ ಹೊಸ ಕಾರಿನ ಆಸೆ ಹುಟ್ಟಬೇಕು. 1993ರಲ್ಲಿ ಝೆನ್ ಬಂತು. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ ಬಂದವು. 2000ದಲ್ಲಿ ಆಲ್ಟೋ ಬಂತು. ಮರುವರ್ಷ ಮಾರುತಿ ಕಂಪನಿ ತಾನೇ ಹಳೆ ಕಾರು ಕೊಳ್ಳೋ, ಮಾರೋ ವ್ಯವಹಾರ ತೆರೆಯಿತು. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿಗಿಂತ ಉದ್ದ ಇಲ್ಲದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರನ್ನು 'ಸಣ್ಣ ಕಾರು' ಅಂತ ಕರೆದು, ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಬೆಂಗಳೂರು, ಹೈದರಾಬಾದಿನ ಒಂದೊಂದು ಮನಿಯವರು ಹೊಸದಕ್ಕ ಹೋದಂಗ, ಅವರ ಹಳೆದು ಒಂದೊಂದು ಮೆಟ್ಟಲು ಕೆಳಗ ಇಳೀತು. ಆ ಮೆಟ್ಟಲಿನ ಕೆಳಗ ಇದ್ದೋರು ನಾವು.

ಸರ್ಕಾರದ ನಿಯಮವೂ ಇದೇ ದಾರಿ ಹಿಡಿದದ್ದು ವಿಚಿತ್ರ. 2010ರ ಏಪ್ರಿಲ್‌ನಲ್ಲಿ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ ಸೇರಿ 13 ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂತು. ಅಲ್ಲಿ ಮಾರುತಿ 800 ಮಾರಾಟ ನಿಂತಿತು. ಉಳಿದ ಊರುಗಳಲ್ಲಿ ಮುಂದುವರಿಯಿತು. ಅಂದ್ರ ಪೇಟೆಗೆ ಬ್ಯಾಡಾದ ಗಾಡಿ ಕೊನೆಯ ಕೆಲವು ವರ್ಷ ಬದುಕಿದ್ದು ನಮ್ಮಂಥ ಊರುಗಳಿಂದ. 2014ರ ಜನವರಿ 18ರಂದು ಅದರ ತಯಾರಿಕೆ ನಿಂತಿತು. ಗ್ಯಾರೇಜಿನಾಗ ಮಾತ್ರ ಇನ್ನೂ ನಿಂತಿಲ್ಲ.

ಇನ್ನೊಂದು ಲೆಕ್ಕ. ಆದಾಯ ತೆರಿಗೆ ಪುಸ್ತಕದಾಗ ಕಾರಿಗೆ ವರ್ಷಕ್ಕ ಶೇ. 15 ಸವಕಳಿ. 3 ಲಕ್ಷದ ಕಾರು ಅಂತ ಇಟ್ಕೊಳ್ರಿ. ಐದು ವರ್ಷಕ್ಕ ಸುಮಾರು 1 ಲಕ್ಷ 33 ಸಾವಿರ. ಹತ್ತು ವರ್ಷಕ್ಕ ಸುಮಾರು 59 ಸಾವಿರ. ಪುಸ್ತಕದ ಪ್ರಕಾರ ಗಾಡಿಯ ಕಥೆ ಮುಗಿಯಾಕ ಬಂದದ್ದು ಅಲ್ಲಿ. ನಮ್ಮ ಮನಿಯೊಳಗ ಕಥೆ ಶುರುವಾಗೋದು ಅಲ್ಲಿ. ಡಯಾಲಿಸಿಸ್‌ಗೆ ರಾಯಚೂರಿಗೆ ಹೋಗಬೇಕು, ಅಕ್ಕನ ಮಗಳ ಪರೀಕ್ಷಾ ಕೇಂದ್ರ ಬೇರೆ ಊರಿನಾಗ ಬಂದದ, ಹೊಲಕ್ಕ ಔಷಧಿ ತರಬೇಕು. ಸವಕಳಿ ಕಾಲಮ್ಮಿನಾಗ ಇವು ಯಾವೂ ಬರೋದಿಲ್ಲ.

ನನ್ನದು 2012ರ ಆಲ್ಟೋ. ಕೆಎ-05 ನಂಬರು, ಅಂದ್ರ ಬೆಂಗಳೂರಿನ ಜಯನಗರದ್ದು. 2021ರಲ್ಲಿ 1 ಲಕ್ಷ 60 ಸಾವಿರ ಕೊಟ್ಟು ತಂದೆ. ನಾನು ಮೂರನೇ ಮಾಲೀಕ. ಒಂದು ಉದ್ದ ನೋಟ್‌ಬುಕ್ಕಿನಾಗ ಖರ್ಚು ಬರೀತೀನಿ. ಅದನ್ನ ತಿರುವಿದ್ರ ಒಂದು ಮಾತು ಗೊತ್ತಾಗ್ತದ: ಹಳೆ ಗಾಡಿಗೆ ದೊಡ್ಡ ಖರ್ಚು ಬರೋದು ಸಣ್ಣ ಖರ್ಚು ತಪ್ಪಿಸಿದವರಿಗೆ. ಎಂಜಿನ್ ಆಯಿಲ್ ಹತ್ತು ಸಾವಿರ ಕಿಲೋಮೀಟರಿಗೆ, ಅಷ್ಟು ಓಡದಿದ್ರ ವರ್ಷಕ್ಕೊಮ್ಮೆ. ನಮ್ಮ ಬ್ಯಾಸಗಿಗೆ ಕೂಲಂಟ್ ಬದಲು ಬರೀ ನೀರು ಹಾಕೋ ರೂಢಿ ಬಿಡಬೇಕು, ರೇಡಿಯೇಟರ್ ಒಳಗ ತುಕ್ಕು ಹಿಡಿತದ. ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ತದ. ಟೈಮಿಂಗ್ ಬೆಲ್ಟ್ ಹರಿಯೋದು ಹೇಳಿ ಕೇಳಿ ಅಲ್ಲ, ಅದಕ್ಕ ಹಿಂದಿನ ಮಾಲೀಕ ಯಾವಾಗ ಬದಲಾಯಿಸಿದ್ರು ಅಂತ ಕೇಳಿಯೇ ಗಾಡಿ ತಗೋಬೇಕು. ಟೈರಿನ ಬದಿಗೆ ನಾಲ್ಕು ಅಂಕಿ ಇರ್ತಾವ. 2319 ಅಂತ ಇದ್ರ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಮೇಲಿನ ಗಟ್ಟಿ ಚೆನ್ನಾಗಿ ಕಂಡ್ರೂ ರಬ್ಬರಿಗೆ ವಯಸ್ಸಾಗ್ತದ.

ನಮ್ಮೂರ ಮಿಸ್ತ್ರಿಗಳು ಈ ಗಾಡಿಗೆ ಯಾಕ ಹೆದರೋದಿಲ್ಲ ಅನ್ನೋದಕ್ಕೂ ಕಾರಣ ಅದ. 800, ಓಮ್ನಿ, ಆಲ್ಟೋ ಮೂರೂ ಅದೇ 796 ಸಿಸಿ ಎಂಜಿನ್ನಿನ ಬಳಗ. ಒಂದು ಬಿಚ್ಚಿದವರಿಗೆ ಉಳಿದವು ಗೊತ್ತು. ಬಿಡಿಭಾಗ ಎಲ್ಲಾ ಕಡೆ ಸಿಗ್ತಾವ. ಇದು ಯಾವ ಜಾಹೀರಾತಿನಾಗೂ ಬರದ ಇತಿಹಾಸ.

ಎಂಜಿನ್ ಹಿಂಗ ಜ್ವಾಪಾನ ಮಾಡೋ ನಾವು ಕಾಗದ ಮಾತ್ರ ಹ್ಯಾಂಗೋ ಬಿಡ್ತೀವಿ. ನಮ್ಮ ಸೋದರಮಾವ ತಮ್ಮ 800 ಮಾರಿದ್ದು ಬಾಂಡ್ ಪೇಪರ್ ಮ್ಯಾಲೆ. ನೂರು ರೂಪಾಯಿ ಛಾಪಾ ಕಾಗದ, ಇಬ್ಬರು ಸಾಕ್ಷಿ, ಸಹಿ. ತಗೊಂಡವರು ಹೆಸರು ಬದಲಾಯಿಸಲಿಲ್ಲ, ಮತ್ತೊಬ್ಬರಿಗೆ ಮಾರಿದ್ರು. ಮೂರು ವರ್ಷ ಆದ ಮ್ಯಾಲೆ ಮಾವನ ಮನಿಗೆ ನೋಟಿಸ್ ಬಂತು. ಗಾಡಿ ಒಬ್ಬರಿಗೆ ಬಡಿದಿತ್ತು, ವಿಮೆ ಮುಗಿದಿತ್ತು. ಕಾಲು ಮುರ್ಕೊಂಡು ಮಲಗಿದ ಮನುಷ್ಯಗ ಪರಿಹಾರ ಯಾರು ಕೊಡಬೇಕು?

"ಮಾವ, ಆರ್‌ಸಿ ನಿಮ್ಮ ಹೆಸರಿನ ಮ್ಯಾಲೇ ಅದ ಅಂತಲ್ರೀ" ಅಂದೆ.

"ಬಾಂಡ್ ಬರ್ಕೊಟ್ಟೀನಲ್ಲೋ ತಮ್ಮಾ, ಇನ್ನೇನು ಮಾಡ್ಬೇಕಿತ್ತು?" ಅಂದ್ರು.

ಕೇಸು ಇನ್ನೂ ನಡೀತಾ ಅದ. ಮಾವ ತಾರೀಖಿಗೆ ಹೋಗ್ತಾರ, ನನ್ನ ಆಲ್ಟೋದಾಗ.

ಮಾವನ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟದ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಅದೇ ರಾಜ್ಯದೊಳಗ ಮಾರಿದವರು 14 ದಿನದಾಗ ತಿಳಿಸಬೇಕು, ಕೊಂಡವರು 30 ದಿನದಾಗ ತಿಳಿಸಬೇಕು. ಫಾರಂ 29, ಫಾರಂ 30. ಸಾಲ ಇದ್ದ ಗಾಡಿ ಆದ್ರ ಸಾಲ ತೀರಿದ್ದಕ್ಕ ಫಾರಂ 35. ಹೈದರಾಬಾದಿನಿಂದ ತಂದದ್ದಾದ್ರ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಾಗ ಸ್ಪಷ್ಟ ಹೇಳಿತು. ಗಾಡಿ ಹಲವು ಕೈ ದಾಟಿತ್ತು, ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಇತ್ತು. ಕೋರ್ಟ್ ಅಂದದ್ದು: ಯಾರ ಹೆಸರಿನಾಗ ನೋಂದಣಿ ಅದನೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಗಾಯ ಆದವರು ಕೈಯಿಂದ ಕೈಗೆ ಹೋದ ಮಾರಾಟದ ಬೆನ್ನು ಹತ್ತಿ ಅಲೆಯಬೇಕಾಗಿಲ್ಲ. ಮಾವನ ಮನಿಯವನಾಗಿ ನನಗ ಇದು ಕಹಿ. ಆದ್ರ ಕಾಲು ಮುರ್ಕೊಂಡವರ ಕಡೆಯಿಂದ ನೋಡಿದ್ರ ಕೋರ್ಟ್ ಹೇಳಿದ್ದು ಸರಿ ಅದ.

ಹೆಸರಿನ ಬೆಲೆ ಏನು ಅಂತ ನಮ್ಮ ಕಡೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮ್ಯಾಲೆ ದೇಶದ ತುಂಬ ಬಂಡೆಗಳ ಮ್ಯಾಲೆ 'ದೇವಾನಾಂಪ್ರಿಯ' ಅನ್ನೋ ಬಿರುದು ಸಿಕ್ಕಿತು. ಆ ರಾಜ ಅಶೋಕನೇ ಇರಬೇಕು ಅಂತ ವಿದ್ವಾಂಸರಿಗೆ ಅನಿಸಿತ್ತು, ಸಿಂಹಳದ ಗ್ರಂಥಗಳ ಆಧಾರವೂ ಇತ್ತು. ಆದ್ರ ಕಲ್ಲಿನ ಮ್ಯಾಲೆ ಹೆಸರಿರಲಿಲ್ಲ. 1915ರಲ್ಲಿ ಬಂಗಾರ ಹುಡುಕ್ತಿದ್ದ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರಿಗೆ ಮಸ್ಕಿಯಲ್ಲಿ ಒಂದು ಶಾಸನ ಸಿಕ್ಕಿತು. ಅದರಾಗ ಬಿರುದಿನ ಜೊತೆ 'ಅಶೋಕ' ಅನ್ನೋ ಹೆಸರೇ ಇತ್ತು. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳದಾಗೂ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಎಲ್ಲರಿಗೂ ಗೊತ್ತಿದ್ದ ಮಾತೂ ಹೆಸರು ಸಿಗೋ ತನಕ ಬರೀ ಊಹೆ. ರಾಜನಿಗೂ ಅಷ್ಟೆ, ಆಲ್ಟೋಗೂ ಅಷ್ಟೆ. 'ಊರಿಗೆಲ್ಲ ಗೊತ್ತದ, ಗಾಡಿ ಮಾರೀನಿ' ಅನ್ನೋದು ಕೋರ್ಟಿನಾಗ ನಡಿಯೋದಿಲ್ಲ.

ಈ ಮಾತು ಈಗ ಯಾಕ ಜರೂರು ಅಂದ್ರ, ಹಳೆ ಗಾಡಿ ಇಟ್ಕೊಳ್ಳೋದು ತುಟ್ಟಿ ಆಗ್ಯಾದ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕ 2025ರಲ್ಲಿ 10,000 ಮಾಡಿದ್ರು. ಅದೇ 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳೀತು. ಮತ್ತೆ ಪೇಟೆಯವರು ಹೊಸದಕ್ಕ ಹೋಗ್ತಾರ, ಮತ್ತೆ ಒಂದು ಮೆಟ್ಟಲು ಗಾಡಿ ನಮ್ಮ ಕಡೆ ಇಳೀತಾವ. ನವೀಕರಣದ ಖರ್ಚಿಗೆ ಹೆದರಿದವರು ಹೆಸರು ಬದಲಾಯಿಸದೇ ತಳ್ಳಿಬಿಡೋ ಆಸೆಗೂ ಬೀಳ್ತಾರ.

ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಮೂಲ ಕಂತು 2022ರಲ್ಲಿ ನಿಗದಿ ಆದದ್ದು 2,094 ರೂಪಾಯಿ, ಅದರ ಮ್ಯಾಲೆ ತೆರಿಗೆ. ಒಂದು ಟೈರಿನ ರೇಟಿಗಿಂತ ಕಡಿಮಿ. ಅದನ್ನ ಕಟ್ಟಿ, ಹೆಸರು ಬದಲಾಯಿಸಿದ್ರ ಮಾವನಂಥವರು ತಾರೀಖಿಗೆ ಅಲೆಯೋದು ತಪ್ತದ, ರಸ್ತೆ ಮ್ಯಾಲೆ ಬಿದ್ದವರಿಗೂ ಪರಿಹಾರ ಬೇಗ ಸಿಗ್ತದ.

ಈ ಕಂತು ಕೇಳೋ ಫೋನಿನಾಗೇ ಎಂಪರಿವಾಹನ್ ಆ್ಯಪ್ ತೆರೀರಿ. ನಿಮ್ಮ ಗಾಡಿ ನಂಬರ್ ಹಾಕ್ರಿ. ಎಷ್ಟನೇ ಮಾಲೀಕ, ವಿಮೆ ಯಾವಾಗಿನ ತನಕ, ಸಾಲದ ನಮೂದು ಅದನೋ ಇಲ್ಲೋ, ಎಲ್ಲಾ ಬರ್ತದ. ಆಮ್ಯಾಲೆ ಇನ್ನೊಂದು ನಂಬರ್ ಹಾಕ್ರಿ: ನೀವೋ, ನಿಮ್ಮ ಮನಿಯವರೋ ಹಿಂದ ಮಾರಿದ ಗಾಡಿದು. ಮಾರಿದ ಮ್ಯಾಲೆ ಮಾಲೀಕರ ಕ್ರಮಸಂಖ್ಯೆ ಮುಂದ ಹೋಗಿರದಿದ್ರ, ಆ ಗಾಡಿ ಇನ್ನೂ ನಿಮ್ಮದೇ.

ಮುಂದಿನ ವಾರ ಸಿಗೋಣ್ರೀ. ಗಾಡಿ ನಿಧಾನ ಓಡಸ್ರಿ.